ಸ್ವೆಟರ್ ಮೈಗೆ ಕೂರಬೇಕಾದರೆ: ಸೈಜು ಬದಲಿಸುವುದೋ, ಪ್ಯಾಟರ್ನ್ ತಿದ್ದುವುದೋ?

ಅಮ್ಮನಿಗೆ ನಾನು ಮೊದಲು ಹೆಣೆದ ಸ್ವೆಟರ್ ಮುಂದೆ ಗುಂಡಿ ಇರುವ, ವಿ ಕತ್ತಿನದು. ಟೇಪು ಹಿಡಿದು ಅಳತೆ ತೆಗೆದಿದ್ದೆ, ಎದೆ 40 ಇಂಚು ಬಂದಿತ್ತು. ಎರಡು ಇಂಚು ಸಡಿಲ ಇರಲಿ ಅಂತ ಪ್ಯಾಟರ್ನಿನಲ್ಲಿ 42ರ ಸೈಜು ಹಿಡಿದೆ. ಎರಡು ತಿಂಗಳ ಕೆಲಸ ಮುಗಿಸಿ ಸಕಲೇಶಪುರಕ್ಕೆ ತೆಗೆದುಕೊಂಡು ಹೋದೆ. ಅಮ್ಮ ಅದನ್ನು ಸೀರೆಯ ಮೇಲೆ ಹಾಕಿಕೊಂಡು, ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಕಾಫಿಪುಡಿ ಡಬ್ಬಿ ತೆಗೆಯಲು ಕೈ ಎತ್ತಿದರು. ಕೈಯ ಜೊತೆಗೆ ಇಡೀ ಸ್ವೆಟರ್ ಸೊಂಟ ಬಿಟ್ಟು ಮೇಲೆ ಬಂತು. ಹತ್ತಿರ ಹೋಗಿ ನೋಡಿದೆ. ತೋಳು ಜೋಡಿಸಿದ ಗೆರೆ ಭುಜದ ಮೂಳೆಯಿಂದ ಒಂದೂವರೆ ಇಂಚು ಕೆಳಗೆ ಜಾರಿತ್ತು, ಕಂಕುಳಲ್ಲಿ ಒಂದು ಹಿಡಿ ಬಟ್ಟೆ ಜೋತು ಬಿದ್ದಿತ್ತು, ಬೆನ್ನಿನ ಕೆಳ ಅಂಚು ಮುಂದಿನ ಅಂಚಿಗಿಂತ ಮೇಲೆ ನಿಂತಿತ್ತು. ನಾನು ಅಳೆದಿದ್ದ ಎದೆಯ ಹತ್ತಿರ ಮಾತ್ರ ಗುಂಡಿ ಸರಿಯಾಗಿ ಕೂತಿತ್ತು.

ಅಮ್ಮನ ಭುಜ 38ರ ಸೈಜಿನದು, ಎದೆ 42ರದು, ಸ್ವಲ್ಪ ಬಾಗಿದ ಬೆನ್ನು ಯಾವ ಸೈಜಿನ ಚಾರ್ಟಿನಲ್ಲೂ ಇಲ್ಲದ್ದು. ಪ್ಯಾಟರ್ನ್ ಬರೆದವರು ಒಂದು ಎದೆ ಅಳತೆಗೆ ಒಂದು ಭುಜ, ಒಂದು ತೋಳು, ಒಂದು ಉದ್ದ ಎಂದು ಲೆಕ್ಕ ಹಾಕಿರುತ್ತಾರೆ. ಅವರ ಲೆಕ್ಕ ತಪ್ಪಲ್ಲ, ಆ ಲೆಕ್ಕದ ಮೈ ನಮ್ಮದಲ್ಲ ಅಷ್ಟೆ. ಹಾಗಾಗಿ ಕಡ್ಡಿ ಕೈಗೆತ್ತಿಕೊಳ್ಳುವ ಮುಂಚೆ ಕೆಲವು ಆಯ್ಕೆಗಳನ್ನು ಎದುರುಬದುರು ಇಟ್ಟು ನೋಡಬೇಕಾಗುತ್ತದೆ. ಆಮೇಲೆ ಐದಾರು ಸ್ವೆಟರ್ ಹೆಣೆದು, ಎರಡನ್ನು ಪೂರ್ತಿ ಬಿಚ್ಚಿ, ನನಗೆ ಖಚಿತವಾದದ್ದು ಇದು: ಭುಜ ಸರಿಯಾಗಿ ಕೂರುವ ಸೈಜನ್ನೇ ಹಿಡಿಯಬೇಕು, ಉಳಿದ ಕಡೆ ತಿದ್ದಿಕೊಳ್ಳಬೇಕು. ಸ್ವೆಟರ್ ನೇತಾಡುವುದು ಭುಜದಿಂದ. ಎದೆಗೆ ಜಾಗ ಕೊಡಬಹುದು, ಉದ್ದ ಕೂಡಿಸಬಹುದು, ತೋಳು ಕಿರಿದು ಮಾಡಬಹುದು, ಅಗಲವಾದ ಭುಜವನ್ನು ಮಾತ್ರ ಆಮೇಲೆ ಏನೂ ಮಾಡಲಾಗದು.

ಅಳೆಯುವುದು ಮೈಯನ್ನೋ, ಬಟ್ಟೆಯನ್ನೋ

ಎದುರಿಗೆ ಇರುವವರಾದರೆ ಮೈ ಅಳೆಯಿರಿ. ದೂರದಲ್ಲಿರುವ ಅಣ್ಣನಿಗೋ ಮಗಳಿಗೋ ಹೆಣೆಯುವುದಾದರೆ, ಅವರಿಗೆ ಚೆನ್ನಾಗಿ ಕೂರುವ ಒಂದು ಸ್ವೆಟರನ್ನೋ ಟೀ ಶರ್ಟನ್ನೋ ಮಂಚದ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಕಂಕುಳಿಂದ ಕೆಳಅಂಚಿಗೆ ಅಳೆದು ಕಳಿಸಲು ಹೇಳಿ. ಫೋನಿನಲ್ಲಿ ಹೇಳಿದ ಮೈ ಅಳತೆಗಿಂತ ಇದು ಎಷ್ಟೋ ವಾಸಿ. ಮೈಗೆ ಟೇಪು ಸುತ್ತಿಕೊಳ್ಳುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಬಟ್ಟೆಯ ಅಳತೆಯಲ್ಲಿ ಸಡಿಲವೂ ಸೇರಿಯೇ ಬಂದಿರುತ್ತದೆ, ಅದರ ಮೇಲೆ ಮತ್ತೆ ಸಡಿಲ ಕೂಡಿಸಲು ಹೋಗಬಾರದು.

ಸೀರೆಯ ಮೇಲೆ ಹಾಕುವ ಸ್ವೆಟರ್ ಆದರೆ ಸೀರೆ ಉಡಿಸಿಯೇ ಅಳೆಯಬೇಕು. ಅಮೆರಿಕದ, ಯುರೋಪಿನ ಪ್ಯಾಟರ್ನುಗಳಲ್ಲಿ ಸೆರಗಿಗೆ ಜಾಗ ಇರುವುದಿಲ್ಲ. ಎದೆಯ ಮೇಲೆ ಸೆರಗಿನ ಮಡಿಕೆ, ಎಡ ಭುಜದ ಮೇಲೆ ಪಿನ್ನು ಹಾಕಿದ ದಪ್ಪ, ಹೊಟ್ಟೆಯ ಹತ್ತಿರ ನೆರಿಗೆ, ಇವೆಲ್ಲ ಅಳತೆಗೆ ಬರಬೇಕು. ಇನ್ನೊಂದು ಸಂಗತಿ ನಾನು ಅಮ್ಮನ ಸ್ವೆಟರಿನಿಂದಲೇ ಕಲಿತದ್ದು. ಪ್ಯಾಟರ್ನಿನಲ್ಲಿ ಕೆಳಗೆ ಎರಡು ಇಂಚು ಬಿಗಿ ರಿಬ್ (ಉದ್ದುದ್ದ ಗೆರೆಯ, ಹಿಗ್ಗಿ ಕುಗ್ಗುವ ಪಟ್ಟಿ) ಇದ್ದರೆ ಅದು ಸೀರೆಯ ನೆರಿಗೆಯ ಮೇಲೆ ನಿಲ್ಲದೆ ಜಾರಿ ಜಾರಿ ಸೊಂಟಕ್ಕೆ ಏರುತ್ತದೆ. ಅಲ್ಲಿ ರಿಬ್ ಬಿಟ್ಟು, ಎರಡೂ ಬದಿ ನಿಟ್ (ಸೀದಾ ಕುಣಿಕೆ) ಹಾಕಿದ ಚಪ್ಪಟೆ ಅಂಚು ಮಾಡಿ, ಪಕ್ಕಗಳಲ್ಲಿ ಮೂರು ಇಂಚಿನಷ್ಟು ಸೀಳು ಬಿಡಿ. ಕುರ್ತಾಕ್ಕೆ ಬಿಡುತ್ತೇವಲ್ಲ, ಹಾಗೆಯೇ.

ಎಷ್ಟು ಸಡಿಲ ಇರಬೇಕು ಎನ್ನುವುದಕ್ಕೆ ಅಮೆರಿಕದ ನೂಲು ಉದ್ಯಮದ ಸಂಘವಾದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಹಾಕಿಕೊಟ್ಟ ಅಳತೆ ಹೆಚ್ಚುಕಡಿಮೆ ಎಲ್ಲ ಪ್ಯಾಟರ್ನುಗಳಲ್ಲೂ ನಡೆಯುತ್ತದೆ: ಮೈಗಂಟಿದಂತೆ ಬೇಕಾದರೆ 1ರಿಂದ 2 ಇಂಚು, ಸಾಮಾನ್ಯಕ್ಕೆ 2ರಿಂದ 4, ಸಡಿಲಕ್ಕೆ 4ರಿಂದ 6, ಅದಕ್ಕೂ ಮೇಲೆ ದೊಗಲೆ. ನೂಲು ದಪ್ಪವಾದಷ್ಟೂ ಸ್ವೆಟರಿನ ಒಳಸುತ್ತು ಕಮ್ಮಿಯಾಗುತ್ತದೆ, ಹಾಗಾಗಿ ದಪ್ಪ ನೂಲಿಗೆ ಇನ್ನೊಂದು ಇಂಚು ಸೇರಿಸಿಕೊಳ್ಳಿ.

ಎದೆ ನೋಡಿ ಸೈಜೋ, ಮೇಲೆದೆ ನೋಡಿ ಸೈಜೋ

ಕಂಕುಳಿಗೆ ಒತ್ತಿ, ಎದೆಯ ಮೇಲ್ಭಾಗದಲ್ಲಿ, ಬೆನ್ನ ಸುತ್ತ ಟೇಪು ತಂದರೆ ಬರುವ ಅಳತೆಯನ್ನು ಮೇಲೆದೆ ಎನ್ನೋಣ. ತುಂಬಿದ ಎದೆಯ ಅಳತೆಗೂ ಇದಕ್ಕೂ ಎರಡು ಇಂಚಿನೊಳಗೆ ವ್ಯತ್ಯಾಸವಿದ್ದರೆ ಯೋಚನೆ ಬೇಡ, ಪ್ಯಾಟರ್ನ್ ಹೇಳಿದಂತೆ ಎದೆ ನೋಡಿಯೇ ಸೈಜು ಹಿಡಿಯಿರಿ. ಗಂಡಸರಿಗೆ, ಮಕ್ಕಳಿಗೆ ಹೆಚ್ಚಾಗಿ ಇಷ್ಟೇ ಸಾಕು. ವ್ಯತ್ಯಾಸ ಮೂರು ನಾಲ್ಕು ಇಂಚು ಇದ್ದರೆ ಮೇಲೆದೆಗೆ ಸಡಿಲ ಕೂಡಿಸಿ ಸೈಜು ಆರಿಸಿ, ಎದೆಗೆ ಬೇಕಾದ ಹೆಚ್ಚಿನ ಜಾಗವನ್ನು ಮುಂಭಾಗದಲ್ಲಿ ಮಾತ್ರ ಕೊಡಿ. ಅಮ್ಮನ ಮೇಲೆದೆ 36. ನಾನು ಹಿಡಿಯಬೇಕಿದ್ದದ್ದು 38ರ ಸೈಜು.

ಎದೆ ನೋಡಿ ದೊಡ್ಡ ಸೈಜು ಹಿಡಿದರೆ ಕೆಲಸ ಸುಲಭ, ಲೆಕ್ಕ ಇಲ್ಲ. ಆದರೆ ಸೈಜು ದೊಡ್ಡದಾದಂತೆ ಭುಜ, ಕಂಕುಳ ಆಳ, ತೋಳಿನ ಅಗಲ ಮೂರೂ ಬೆಳೆಯುತ್ತವೆ. ಕಂಕುಳು ಕೆಳಗಿಳಿದರೆ ಕೈ ಎತ್ತಿದಾಗ ಸ್ವೆಟರ್ ಎದ್ದೇಳುತ್ತದೆ. ಸ್ವೆಟರ್ ಸಡಿಲವಿದ್ದರೆ ಕೈಯಾಡಿಸಲು ಸಲೀಸು ಎಂದು ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಕಂಕುಳ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು: ಗೆರೆ ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ಸಲೀಸು. ರವಿಕೆ ಹೊಲಿಯುವ ಟೈಲರುಗಳಿಗೆ ಇದು ಗೊತ್ತಿರುವ ಮಾತೇ.

ಗೇಜ್ ಬದಲಿಸುವುದೋ, ಕುಣಿಕೆ ಲೆಕ್ಕ ಬದಲಿಸುವುದೋ

ಇದಕ್ಕೆ ಮುಂಚೆ ಕಡ್ಡಿಯ ನಂಬರಿನ ವಿಷಯ ಹೇಳಿಬಿಡಬೇಕು, ಎಷ್ಟೋ ಸ್ವೆಟರ್ ಇಲ್ಲೇ ಹಾಳಾಗುತ್ತವೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ನಂಬರು, ಅದರಲ್ಲಿ ನಂಬರ್ ಹೆಚ್ಚಿದಂತೆ ಕಡ್ಡಿ ಸಣ್ಣ. ಅಮೆರಿಕದ ನಂಬರು ಇದಕ್ಕೆ ಉಲ್ಟಾ. ಬ್ರಿಟಿಷ್ 8 ಅಂದರೆ 4 ಮಿಲಿಮೀಟರ್, ಅಮೆರಿಕದ 8 ಅಂದರೆ 5 ಮಿಲಿಮೀಟರ್. ನಂಬರ್ 10 ಇನ್ನೂ ದೂರ: ಇಲ್ಲಿ 3.25, ಅಲ್ಲಿ 6. ನಂಬರು ನೋಡಲೇಬೇಡಿ, ಮಿಲಿಮೀಟರ್ ನೋಡಿ ಕೊಳ್ಳಿ.

ಈಗ ಗೇಜ್, ಅಂದರೆ ಇಷ್ಟು ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಬರುತ್ತದೆ ಎನ್ನುವ ಲೆಕ್ಕ. ಪ್ಯಾಟರ್ನಿನಲ್ಲಿ 4 ಇಂಚಿಗೆ 22 ಕುಣಿಕೆ, 30 ಸಾಲು ಎಂದಿದೆ ಎನ್ನಿ, ಅಂದರೆ ಇಂಚಿಗೆ ಐದೂವರೆ ಕುಣಿಕೆ. 40 ಇಂಚಿನ ಸ್ವೆಟರಿಗೆ 220 ಕುಣಿಕೆ. ನಿಮ್ಮ ಕೈ ಸ್ವಲ್ಪ ಸಡಿಲವಾಗಿ 4 ಇಂಚಿಗೆ 20 ಬಂದರೆ ಅದೇ 220 ಕುಣಿಕೆ 44 ಇಂಚಾಗುತ್ತದೆ. ಚೌಕದಲ್ಲಿ ಎರಡು ಕುಣಿಕೆಯ ವ್ಯತ್ಯಾಸ, ಮೈಮೇಲೆ ನಾಲ್ಕು ಇಂಚು. ಪ್ಯಾಟರ್ನ್ ಸರಿಯಿಲ್ಲ ಎಂದು ಬೇಸರಪಡುವ ಮುಂಚೆ ಆರು ಇಂಚಿನ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ನಡುವಿನ ನಾಲ್ಕು ಇಂಚು ಅಳೆಯಿರಿ. ಸ್ವೆಟರನ್ನು ಸುತ್ತ ಕಡ್ಡಿಯಲ್ಲಿ ಗುಂಡಗೆ ಹೆಣೆಯುವುದಾದರೆ ಚೌಕವನ್ನೂ ಗುಂಡಗೇ ಹೆಣೆಯಿರಿ. ಬಹಳ ಜನರಿಗೆ ಪರ್ಲ್ (ಉಲ್ಟಾ ಕುಣಿಕೆ) ಸಾಲು ನಿಟ್ ಸಾಲಿಗಿಂತ ಸಡಿಲ ಬರುತ್ತದೆ, ಗುಂಡಗೆ ಹೆಣೆದಾಗ ಆ ಪರ್ಲ್ ಸಾಲೇ ಇರುವುದಿಲ್ಲ.

ಗೇಜ್ ಹೊಂದದಿದ್ದರೆ ಮೂರು ದಾರಿ. ಮೊದಲನೆಯದು ಕಡ್ಡಿ ಬದಲಿಸಿ ಪ್ಯಾಟರ್ನಿನ ಗೇಜಿಗೆ ಬರುವುದು. ಹೆಚ್ಚಿನ ಸಲ ಇದೇ ಸರಿ. ಎರಡನೆಯದು ನಿಮ್ಮ ಗೇಜನ್ನೇ ಇಟ್ಟುಕೊಂಡು ಬೇರೆ ಸೈಜಿನ ಕುಣಿಕೆ ಸಂಖ್ಯೆ ಹಿಡಿಯುವುದು. ಇಂಚಿಗೆ ಐದು ಬರುವವರು 40 ಇಂಚಿಗೆ 200 ಕುಣಿಕೆ ಹಾಕಬೇಕು, ಅದೇ ಪ್ಯಾಟರ್ನಿನಲ್ಲಿ ಸುಮಾರು 36ರ ಸೈಜಿಗೆ ಆ ಸಂಖ್ಯೆ ಇರುತ್ತದೆ. ಚೌಕ ಕೈಗೆ ಹಿತವಾಗಿದ್ದರೆ, ತೀರಾ ಬಲೆಯಂತೆಯೂ ರಟ್ಟಿನಂತೆಯೂ ಇಲ್ಲದಿದ್ದರೆ, ನಾನು ಇದನ್ನೇ ಮಾಡುತ್ತೇನೆ. ಉದ್ದಗಳನ್ನು ಮಾತ್ರ ಆ ಸಣ್ಣ ಸೈಜಿನಿಂದ ತೆಗೆದುಕೊಳ್ಳಬಾರದು, ನಿಮ್ಮ ಸೈಜಿನ ಉದ್ದವನ್ನು ಟೇಪಿನಲ್ಲೇ ಅಳೆದು ಹೆಣೆಯಬೇಕು. ಮೂರನೆಯದು ಎಲ್ಲ ಸಂಖ್ಯೆಗಳನ್ನೂ ಹೊಸದಾಗಿ ಗುಣಿಸಿ ಬರೆಯುವುದು. ಸಾದಾ ಸ್ವೆಟರಿಗೆ ಪರವಾಗಿಲ್ಲ, ಕೇಬಲ್ (ಜಡೆಯಂಥ ವಿನ್ಯಾಸ) ಇದ್ದರೆ ಪ್ರತಿ ವಿನ್ಯಾಸದ ಪುನರಾವರ್ತನೆಗೂ ಲೆಕ್ಕ ಹೊಂದಬೇಕು, ಕಷ್ಟ.

ಬೇಕೆಂದೇ ಗೇಜ್ ಬದಲಿಸಿ ಸೈಜು ಹೊಂದಿಸುವವರೂ ಇದ್ದಾರೆ, ಒಂದು ನಂಬರ್ ದಪ್ಪ ಕಡ್ಡಿ ಹಿಡಿದು ಎಲ್ಲವನ್ನೂ ಸ್ವಲ್ಪ ದೊಡ್ಡದು ಮಾಡುವುದು. ಇಡೀ ಮೈ ಒಂದೇ ಸಮ ದೊಡ್ಡದು ಬೇಕಾದವರಿಗೆ, ಪ್ಯಾಟರ್ನಿನ ಎರಡು ಸೈಜುಗಳ ನಡುವೆ ಬೀಳುವವರಿಗೆ ಇದು ಒಳ್ಳೆಯ ಉಪಾಯ. ಎದೆ ಮಾತ್ರ, ತೋಳು ಮಾತ್ರ ಬಿಗಿ ಎನ್ನುವವರಿಗೆ ಇದರಿಂದ ಉಪಯೋಗವಿಲ್ಲ, ಭುಜವೂ ಜೊತೆಗೇ ಬೆಳೆದುಬಿಡುತ್ತದೆ.

ಸಾಲಿನ ಗೇಜನ್ನು ಎಲ್ಲರೂ ಮರೆಯುತ್ತಾರೆ. ಅಂಚಿನಿಂದ ಕಂಕುಳವರೆಗೆ ಟೇಪಿನಲ್ಲಿ ಅಳೆಯುವುದರಿಂದ ತೊಂದರೆಯಿಲ್ಲ. ರ‍್ಯಾಗ್ಲನ್, ಗುಂಡು ಯೋಕ್ (ಮೊದಲನೆಯದರಲ್ಲಿ ತೋಳು ಕತ್ತಿನಿಂದ ಕಂಕುಳಿಗೆ ಓರೆಯಾಗಿ ಬರುತ್ತದೆ, ಎರಡನೆಯದರಲ್ಲಿ ಕತ್ತಿನಿಂದ ಕಂಕುಳವರೆಗಿನ ಭಾಗ ಒಂದೇ ಗುಂಡು ಸುತ್ತು) ಇವುಗಳಲ್ಲಿ ಮಾತ್ರ ಕಂಕುಳ ಆಳ ನಿರ್ಧಾರವಾಗುವುದೇ ಸಾಲಿನ ಎಣಿಕೆಯಿಂದ. 60 ಸಾಲಿನ ಯೋಕ್ ಇಂಚಿಗೆ ಏಳೂವರೆ ಸಾಲಾದರೆ 8 ಇಂಚು, ಇಂಚಿಗೆ 7 ಸಾಲಾದರೆ ಸುಮಾರು 8.6. ಆ ಅರ್ಧ ಇಂಚು ಕಂಕುಳಲ್ಲಿ ಬಂದು ಕೂರುತ್ತದೆ. ಕುಣಿಕೆ ಹೊಂದಿ ಸಾಲು ಹೊಂದದಿದ್ದರೆ ಕುಣಿಕೆಯನ್ನೇ ಹಿಡಿಯಿರಿ, ಯೋಕಿನಲ್ಲಿ ಎಲ್ಲಾದರೂ ಎರಡು ನಾಲ್ಕು ಸಾದಾ ಸಾಲು ಬಿಟ್ಟು ಸರಿಮಾಡಿ.

ಎದೆಗೆ ಜಾಗ: ಉದ್ದ ಬೇಕೋ, ಅಗಲ ಬೇಕೋ

ಎದೆ ಬಿಗಿ ಎಂದ ಕೂಡಲೇ ಅರ್ಧ ಸಾಲು ಹಾಕಿ ಎಂದು ಸಲಹೆ ಬರುತ್ತದೆ. ಸಾಲನ್ನು ಪೂರ್ತಿ ಹೆಣೆಯದೆ ನಡುವೆಯೇ ತಿರುಗಿ ಹೋಗುವುದು ಅರ್ಧ ಸಾಲು, ಇಂಗ್ಲಿಷ್ ಪ್ಯಾಟರ್ನುಗಳಲ್ಲಿ ಶಾರ್ಟ್ ರೋ ಎನ್ನುತ್ತಾರೆ. ಇದು ಕೊಡುವುದು ಉದ್ದವನ್ನು ಮಾತ್ರ, ಅಗಲವನ್ನಲ್ಲ. ಇದು ತಿಳಿಯದೆ ಅರ್ಧ ಸಾಲು ಹಾಕಿ, ಗುಂಡಿಗಳ ನಡುವೆ ಸ್ವೆಟರ್ ಬಾಯಿ ಬಿಡುವುದು ನಿಲ್ಲಲಿಲ್ಲ ಎಂದು ನೊಂದವರನ್ನು ನೋಡಿದ್ದೇನೆ.

ಯಾವುದು ಬೇಕು ಎಂದು ಹೇಗೆ ತಿಳಿಯುವುದು? ಇರುವ ಒಂದು ಸ್ವೆಟರ್ ಹಾಕಿಕೊಂಡು ಕನ್ನಡಿಯಲ್ಲಿ ಪಕ್ಕದಿಂದ ನೋಡಿ. ಮುಂದಿನ ಅಂಚು ಹಿಂದಿನದಕ್ಕಿಂತ ಮೇಲೆ ಎದ್ದಿದ್ದರೆ ಉದ್ದ ಸಾಲದು. ಎದೆಯ ಮೇಲೆ ಅಡ್ಡ ಗೆರೆಗಳು ಬಂದಿದ್ದರೆ, ಕುಣಿಕೆಗಳು ಹಿಗ್ಗಿ ಒಳಗಿನ ಬಟ್ಟೆ ಕಾಣುತ್ತಿದ್ದರೆ, ಗುಂಡಿಯ ಪಟ್ಟಿ ಎಳೆಯುತ್ತಿದ್ದರೆ ಅಗಲ ಸಾಲದು. ಎರಡೂ ಇದ್ದರೆ ಎರಡೂ.

ಉದ್ದದ ಲೆಕ್ಕವನ್ನು ತಂಗಿಯ ಪುಲೋವರಿನಿಂದ ತೋರಿಸುತ್ತೇನೆ. ಭುಜದ ಮೇಲಿಂದ ಎದೆಯ ಮೇಲೆ ಹಾದು ಸೊಂಟಕ್ಕೆ 18½ ಇಂಚು, ಅದೇ ಭುಜದಿಂದ ಹಿಂದೆ ಸೊಂಟಕ್ಕೆ 16½. ವ್ಯತ್ಯಾಸ 2 ಇಂಚು. ಒಂದು ಇಂಚಿನವರೆಗಾದರೆ ಹೆಣಿಗೆ ತಾನೇ ಹಿಗ್ಗಿ ಹೊಂದಿಕೊಳ್ಳುತ್ತದೆ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ಇಂಚಿಗೆ, ಇಂಚಿಗೆ ಏಳೂವರೆ ಸಾಲಿನಂತೆ 15, ಜೋಡಿ ಬರಬೇಕಾದ್ದರಿಂದ 16 ಸಾಲು. ಅಂದರೆ ಒಂದೊಂದು ಬದಿಯಲ್ಲಿ ಎಂಟೆಂಟು ತಿರುವು. ಮುಂಭಾಗ 20 ಇಂಚು, 110 ಕುಣಿಕೆ. ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಬಿಟ್ಟೆ. ನಡುವೆ ಎದೆಯ ಎರಡು ತುದಿಗಳ ನಡುವಿನ 7 ಇಂಚನ್ನೂ ತಿರುವಿಲ್ಲದೆ ಬಿಟ್ಟೆ. ಬದಿಗೆ ಐದೂವರೆ ಇಂಚು, ಸುಮಾರು 30 ಕುಣಿಕೆ ಉಳಿಯಿತು, ನಾಲ್ಕು ಕುಣಿಕೆಗೊಂದು ತಿರುವು ಹಂಚಿದೆ. ಇವೆಲ್ಲ ಎದೆಯ ತುದಿಗಿಂತ ಸುಮಾರು ಒಂದು ಇಂಚು ಕೆಳಗೆ ಇರಬೇಕು. ಮೇಲೆ ಹೋದರೆ ಚೀಲದಂತೆ ಉಬ್ಬಿ ಕಾಣುತ್ತದೆ. ತಿರುವಿನಲ್ಲಿ ತೂತು ಬೀಳದಂತೆ ಜರ್ಮನ್ ವಿಧಾನ ನನಗೆ ಹಿಡಿಸಿತು: ತಿರುಗಿದ ಮೇಲೆ ಮೊದಲ ಕುಣಿಕೆಯನ್ನು ಹೆಣೆಯದೆ ಎತ್ತಿಕೊಂಡು, ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಜಗ್ಗಿದರೆ ಆ ಕುಣಿಕೆಗೆ ಎರಡು ಕಾಲು ಬರುತ್ತವೆ. ಆಮೇಲೆ ಎರಡನ್ನೂ ಸೇರಿಸಿ ಒಂದೇ ಕುಣಿಕೆಯಂತೆ ಹೆಣೆಯುವುದು.

ಅಗಲಕ್ಕೆ ಅಮ್ಮನ ಎರಡನೇ ಸ್ವೆಟರ್. ಬೆನ್ನು 38ರ ಸೈಜಿನದೇ, 104 ಕುಣಿಕೆ. ಮುಂದಿನ ಎರಡು ಭಾಗ 52 ಕುಣಿಕೆಯವು. ಮುಂದೆ ಒಟ್ಟು 4 ಇಂಚು ಹೆಚ್ಚು ಬೇಕಿತ್ತು, ಅಂದರೆ 22 ಕುಣಿಕೆ, ಭಾಗಕ್ಕೆ 11. ಕೆಳಅಂಚು ಮುಗಿದ ಮೇಲೆ ಆರು ಸಾಲಿಗೊಂದರಂತೆ, ಎದೆಯ ತುದಿಯ ನೇರ ಕೆಳಗೆ ಒಂದೇ ಗೆರೆಯಲ್ಲಿ, 66 ಸಾಲಿನಲ್ಲಿ 11 ಕುಣಿಕೆ ಹೆಚ್ಚಿಸಿದೆ. ಹೆಚ್ಚಿಸಿದ್ದನ್ನು ಭುಜ ಮುಟ್ಟುವುದರೊಳಗೆ ಕರಗಿಸಬೇಕಲ್ಲ? ಐದನ್ನು ಕಂಕುಳ ಇಳಿಜಾರಿನಲ್ಲಿ, ಆರನ್ನು ವಿ ಕತ್ತಿನ ಇಳಿಜಾರಿನಲ್ಲಿ ಕಮ್ಮಿ ಮಾಡಿದೆ. ಭುಜಕ್ಕೆ ಬಂದಾಗ 38ರ ಸೈಜಿನ ಸಂಖ್ಯೆಯೇ ಉಳಿದಿತ್ತು. ಗುಂಡು ಕತ್ತಾಗಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ. ಎದೆಗೂ ಭುಜಕ್ಕೂ ಬಹಳ ವ್ಯತ್ಯಾಸ ಇರುವವರಿಗೆ ವಿ ಕತ್ತಿನ ಪ್ಯಾಟರ್ನನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಲೆಕ್ಕ ಬೇಡವೆನ್ನುವವರಿಗೆ ನಡುದಾರಿಯೊಂದಿದೆ: ಬೆನ್ನನ್ನು ಒಂದು ಸೈಜಿನಲ್ಲಿ, ಮುಂಭಾಗವನ್ನು ಅದರ ಮೇಲಿನ ಸೈಜಿನಲ್ಲಿ ಹೆಣೆದು, ಕಂಕುಳಿಂದ ಮೇಲೆ ಎರಡಕ್ಕೂ ಸಣ್ಣ ಸೈಜಿನ ಸಂಖ್ಯೆ ಹಿಡಿಯುವುದು. ತುಂಡು ತುಂಡಾಗಿ ಹೆಣೆಯುವ ಸ್ವೆಟರಿಗೆ, ಎರಡು ಇಂಚಿನ ವ್ಯತ್ಯಾಸದವರೆಗೆ, ಇದು ಚೆನ್ನಾಗಿ ನಡೆಯುತ್ತದೆ.

ಪಟ್ಟೆ ಪಟ್ಟೆಯ ಸ್ವೆಟರಿಗೆ ಅರ್ಧ ಸಾಲು ಬೇಡ, ಎದೆಯ ಕೆಳಗೆ ಒಂದು ಪಟ್ಟೆ ದಪ್ಪವಾಗಿ ಕಾಣುತ್ತದೆ. ಎರಡು ಬಣ್ಣದ ಚಿತ್ರವಿದ್ದರೂ ಹಾಗೆಯೇ. ಲೇಸ್ ಹೆಣಿಗೆಗೆ ಎರಡೂ ಬೇಡ, ಅದು ತಾನೇ ಹಿಗ್ಗುತ್ತದೆ, ಸೈಜು ಬದಲಿಸಿದರೆ ಸಾಕು.

ಬಾಗಿದ ಬೆನ್ನು

ವಯಸ್ಸಾದವರಿಗೆ ಹೆಣೆಯುವಾಗ ಇದನ್ನು ಯಾರೂ ಹೇಳಿಕೊಡುವುದಿಲ್ಲ, ನನಗಂತೂ ಯಾರೂ ಹೇಳಿರಲಿಲ್ಲ. ಬೆನ್ನು ಮೇಲ್ಭಾಗದಲ್ಲಿ ಬಾಗಿದ್ದರೆ ಕತ್ತಿನ ಹಿಂದಿನಿಂದ ಸೊಂಟದವರೆಗಿನ ದಾರಿ ಉದ್ದವಾಗುತ್ತದೆ. ಸ್ವೆಟರ್ ಆ ಉದ್ದವನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ, ಹಿಂದಿನ ಅಂಚು ಮೇಲೇರುತ್ತದೆ, ಇಡೀ ಸ್ವೆಟರ್ ಹಿಂದಕ್ಕೆ ಜಾರಿ ಮುಂದೆ ಕತ್ತು ಒತ್ತುತ್ತದೆ. ಅಮ್ಮ ಪದೇ ಪದೇ ಎರಡೂ ಕೈಯಿಂದ ಮುಂಭಾಗವನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು, ಅದು ಅಭ್ಯಾಸ ಅಂದುಕೊಂಡಿದ್ದೆ.

ಸುಲಭದ ದಾರಿ, ಇಡೀ ಬೆನ್ನನ್ನು ಅಂಚಿನಲ್ಲಿ ಒಂದೆರಡು ಇಂಚು ಉದ್ದ ಮಾಡಿ ಪಕ್ಕದಲ್ಲಿ ಸೀಳು ಬಿಡುವುದು. ಹಿಂದೆ ಚಳಿ ಹೊಗುವುದಿಲ್ಲ, ಆದರೆ ಕತ್ತಿನ ಎಳೆತ ಹೋಗುವುದಿಲ್ಲ. ಸರಿಯಾದ ದಾರಿ, ಬಾಗು ಇರುವ ಜಾಗದಲ್ಲೇ ಉದ್ದ ಕೊಡುವುದು: ಹೆಗಲ ಮೂಳೆಗಳ ಮಟ್ಟದಲ್ಲಿ ಬೆನ್ನಿನ ಭಾಗಕ್ಕೆ ಮಾತ್ರ ಅರ್ಧ ಸಾಲುಗಳು. ಒಂದು ಇಂಚಿಗೆ ಎಂಟು ಸಾಲು, ಒಂದೂಕಾಲು ಇಂಚಿಗೆ ಹತ್ತು. ಅಮ್ಮನಿಗೆ ಹತ್ತು ಹಾಕಿದೆ. ಮೇಲಿಂದ ಹೆಣೆಯುವ ಯೋಕಿನ ಸ್ವೆಟರಾದರೆ ಕತ್ತಿನ ಪಟ್ಟಿ ಮುಗಿದ ಕೂಡಲೇ ಹಿಂಭಾಗದಲ್ಲಿ ಹಾಕಿದರೂ ನಡೆಯುತ್ತದೆ, ಹಲವು ಪ್ಯಾಟರ್ನುಗಳಲ್ಲಿ ಅಲ್ಲಿ ಮೊದಲೇ ಎರಡು ಮೂರು ಜೊತೆ ಇರುತ್ತವೆ, ಅವುಗಳಿಗೆ ಇನ್ನೊಂದೆರಡು ಸೇರಿಸಿ. ಕಂಪ್ಯೂಟರ್ ಮುಂದೆ ದಿನವಿಡೀ ಕೂತು ಬೆನ್ನು ಮುಂದಕ್ಕೆ ಬಂದಿರುವ ಚಿಕ್ಕ ವಯಸ್ಸಿನವರಿಗೂ ಇದು ಬೇಕಾಗುತ್ತದೆ.

ತೋಳು, ಉದ್ದ

ಮೈಯ ಉದ್ದ ತಿದ್ದುವುದು ಎಲ್ಲಕ್ಕಿಂತ ಸುಲಭ. ಅಂಚು ಮತ್ತು ಕಂಕುಳ ನಡುವಿನ ಸಾದಾ ಭಾಗದಲ್ಲಿ ಕೂಡಿಸಿ ಅಥವಾ ಕಳೆಯಿರಿ. ಸೊಂಟದಲ್ಲಿ ಒಳಗೆ ಹೋಗುವ ಆಕಾರವಿದ್ದರೆ ಕೂಡಿಸುವುದನ್ನು ಸೊಂಟದ ಕೆಳಗೂ ಮೇಲೂ ಹಂಚಬೇಕು, ಇಲ್ಲದಿದ್ದರೆ ಆ ಸೊಂಟ ಪಕ್ಕೆಲುಬಿನ ಮೇಲೋ ನಿತಂಬದ ಮೇಲೋ ಹೋಗಿ ನಿಲ್ಲುತ್ತದೆ. ನೂಲು ಕೊಳ್ಳುವಾಗಲೇ ಒಂದು ಉಂಡೆ ಹೆಚ್ಚು ಕೊಳ್ಳಿ, ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರಲಿ.

ತೋಳಿನ ಉದ್ದ ಬದಲಿಸಿದರೆ ಹೆಚ್ಚಿಸುವ ಅಂತರವೂ ಬದಲಾಗಬೇಕು. ಮಣಿಕಟ್ಟಿನಲ್ಲಿ 48 ಕುಣಿಕೆ, ಮೇಲ್ತೋಳಿನಲ್ಲಿ 72, ನಡುವೆ 24. ಸಾಲಿಗೆ ಎರಡರಂತೆ 12 ಸಲ ಹೆಚ್ಚಿಸಬೇಕು. 16 ಇಂಚಿನ ತೋಳಿಗೆ 120 ಸಾಲು, ಹತ್ತು ಸಾಲಿಗೊಮ್ಮೆ. 14 ಇಂಚು ಸಾಕೆಂದರೆ 105 ಸಾಲು, ಎಂಟು ಸಾಲಿಗೊಮ್ಮೆ ಹೆಚ್ಚಿಸಿ ಕೊನೆಗೆ 9 ಸಾಲು ಸಾದಾ. ಹೆಣೆದಾದ ಮೇಲೆ ಮಣಿಕಟ್ಟಿನ ಹತ್ತಿರ ಮಡಚಿಕೊಂಡರಾಯಿತು ಎನ್ನುವವರಿದ್ದಾರೆ. ಪಾತ್ರೆ ತೊಳೆಯುವ, ರೊಟ್ಟಿ ತಟ್ಟುವ ಕೈಗೆ ಮಡಚಿದ ತೋಳು ಪ್ರತಿ ಐದು ನಿಮಿಷಕ್ಕೊಮ್ಮೆ ಜಾರುತ್ತದೆ, ಲೆಕ್ಕ ಮಾಡಿ ಚಿಕ್ಕದು ಮಾಡುವುದೇ ಮೇಲು.

ತೋಳು ದಪ್ಪವಿದ್ದರೆ ಸ್ವೆಟರ್ ಯಾವ ಬಗೆಯದು ಎನ್ನುವುದರ ಮೇಲೆ ಕಷ್ಟಸುಖ ನಿಂತಿದೆ. ಮೇಲಿಂದ ಹೆಣೆಯುವ ರ‍್ಯಾಗ್ಲನಿನಲ್ಲಿ ಕಂಕುಳಲ್ಲಿ ಹೊಸದಾಗಿ ಹಾಕುವ ಕುಣಿಕೆಗಳನ್ನು 6 ಹೆಚ್ಚಿಸಿದರೆ ಪ್ರತಿ ತೋಳಿಗೂ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಮೈಗೂ ಒಟ್ಟು ಎರಡು ಇಂಚಿನಷ್ಟು ಬರುತ್ತದೆ. ಮೈಗೆ ಬೇಡವಾದರೆ ಪಕ್ಕದಲ್ಲಿ ನಿಧಾನವಾಗಿ ಕಮ್ಮಿ ಮಾಡಿಕೊಳ್ಳಿ. ತೋಳು ಬೇರೆ ಹೆಣೆದು ಜೋಡಿಸುವ ಸ್ವೆಟರಿನಲ್ಲಿ ಇಷ್ಟು ಸುಲಭವಿಲ್ಲ. ತೋಳಿನ ಗುಮ್ಮಟದ (ಭುಜಕ್ಕೆ ಸೇರುವ ದುಂಡನೆಯ ಮೇಲ್ಭಾಗದ) ಅಂಚಿನ ಉದ್ದ ಮೈಯ ಕಂಕುಳ ಸುತ್ತಿಗೆ ಹೊಂದಬೇಕು. ಗುಮ್ಮಟದ ಎತ್ತರ ಕಂಕುಳ ಆಳದ ಮೂರರಲ್ಲಿ ಎರಡು ಭಾಗದಷ್ಟಿರಲಿ ಎನ್ನುವುದು ರೂಢಿಯ ಲೆಕ್ಕ. ತೋಳನ್ನು ಅಗಲ ಮಾಡಿದರೆ ಆ ಗುಮ್ಮಟವನ್ನು ಪೂರ್ತಿ ಹೊಸದಾಗಿ ಬರೆಯಬೇಕಾಗುತ್ತದೆ, ಇಲ್ಲವೇ ಪ್ಯಾಟರ್ನಿನ ದೊಡ್ಡ ಸೈಜಿನ ತೋಳು ಮತ್ತು ಅದೇ ಸೈಜಿನ ಕಂಕುಳ ಇಳಿಜಾರು ಎರಡನ್ನೂ ಒಟ್ಟಿಗೆ ತರಬೇಕು.

ಪ್ಯಾಟರ್ನೇ ಬೇಡ, ಶೇಕಡಾ ಲೆಕ್ಕದಲ್ಲಿ ಹೆಣೆಯುತ್ತೇವೆ ಎನ್ನುವವರು ಎಲಿಜಬೆತ್ ಜಿಮರ್ಮನ್ (1910–1999) ಹಾಕಿಕೊಟ್ಟ ದಾರಿ ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇವರ ಲೆಕ್ಕದಲ್ಲಿ ಮೈಯ ಕುಣಿಕೆ 100 ಆದರೆ ಮಣಿಕಟ್ಟು 20, ಮೇಲ್ತೋಳು ಸುಮಾರು 33, ಕತ್ತು 40. ಮಕ್ಕಳ ಯೋಕ್ ಸ್ವೆಟರಿಗೆ ನಾನು ಇದನ್ನೇ ಬಳಸುತ್ತೇನೆ, ಬಹಳ ನೆಮ್ಮದಿ. ಆದರೆ ಇದರಲ್ಲಿ ಎಲ್ಲವೂ ಎದೆಗೆ ಕಟ್ಟುಬಿದ್ದಿದೆ. ಎದೆ ದೊಡ್ಡದಿದ್ದು ಕೈ ತೆಳ್ಳಗಿರುವವರಿಗೆ ತೋಳು ಜೋಲಿ ಬೀಳುತ್ತದೆ. ಅಂಥವರಿಗೆ ಮೇಲ್ತೋಳನ್ನು ಅಳೆದು ನೇರವಾಗಿ ಕುಣಿಕೆಗೆ ಗುಣಿಸಿಬಿಡಿ.

ಮೇಲಿಂದ ಕೆಳಕ್ಕೋ, ತುಂಡು ತುಂಡಾಗಿಯೋ

ಮೇಲಿಂದ ಕೆಳಕ್ಕೆ ಒಂದೇ ತುಂಡಾಗಿ ಹೆಣೆಯುವುದರ ದೊಡ್ಡ ಅನುಕೂಲ, ನಡುನಡುವೆ ಹಾಕಿ ನೋಡಬಹುದು. ಕುಣಿಕೆಗಳನ್ನು ಬೇರೆ ಬಣ್ಣದ ಉದ್ದ ನೂಲಿಗೆ ಇಳಿಸಿ, ಮೈಗೆ ಹಾಕಿ, ಕಂಕುಳು ಎಲ್ಲಿ ಬಂತು, ಎದೆ ಎಲ್ಲಿ ಬಂತು ಎಂದು ಗುರುತು ಹಾಕಿಕೊಳ್ಳಬಹುದು. ಬೆಳೆಯುವ ಮಕ್ಕಳಿಗೆ ಮುಂದಿನ ವರ್ಷ ಅಂಚು ಬಿಚ್ಚಿ ಎರಡು ಇಂಚು ಕೂಡಿಸಬಹುದು. ಮೊದಲ ಸಲ ಪ್ಯಾಟರ್ನ್ ತಿದ್ದುವವರು, ಹಾಕಿಸಿ ನೋಡಲು ಆ ವ್ಯಕ್ತಿ ಮನೆಯಲ್ಲೇ ಇರುವವರು, ಇದರಿಂದಲೇ ಶುರುಮಾಡಿ. ರ‍್ಯಾಗ್ಲನ್ ಎಂಬ ಹೆಸರು ಬಂದದ್ದು 1815ರ ವಾಟರ್ಲೂ ಕದನದಲ್ಲಿ ಬಲಗೈ ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರ‍್ಯಾಗ್ಲನ್ ಹೆಸರಿನಿಂದ. ಭುಜದ ಗೆರೆಯೇ ಇಲ್ಲದ ಆ ಓರೆ ತೋಳು ಇಳಿಭುಜದವರಿಗೆ ಚೆನ್ನಾಗಿ ಒಪ್ಪುತ್ತದೆ.

ಹೊಲಿಗೆ ಇಲ್ಲದ ಸ್ವೆಟರಿಗೆ ತಡೆಯುವ ಎಲುಬಿಲ್ಲ ಎನ್ನುವುದು ಇದರ ಕೊರತೆ. ನೂಲು ಭಾರವಾಗಿದ್ದರೆ, ಹತ್ತಿ ನೂಲಾದರಂತೂ, ಹಾಕಿಕೊಂಡಷ್ಟೂ ಕೆಳಗಿಳಿಯುತ್ತದೆ, ಕತ್ತು ಅಗಲವಾಗುತ್ತದೆ. ತುಂಡುಗಳನ್ನು ಹೊಲಿದ ಸ್ವೆಟರಿನಲ್ಲಿ ಭುಜದ ಹೊಲಿಗೆ, ಪಕ್ಕದ ಹೊಲಿಗೆ ಭಾರ ಹೊರುತ್ತವೆ. ನಿತ್ಯ ಹಾಕುವ, ವರ್ಷಗಟ್ಟಲೆ ಬಾಳಬೇಕಾದ ಸ್ವೆಟರಿಗೆ ನನ್ನ ಆಯ್ಕೆ ಇದೇ. ಭುಜ ಚೂರು ನೇರವಾಗಿರುವವರಿಗೆ, ಅಚ್ಚುಕಟ್ಟಾಗಿ ಕೂರಲೇಬೇಕು ಎನ್ನುವವರಿಗೆ ಜೋಡಿಸಿದ ತೋಳಿಗೆ ಸಮನಾದದ್ದು ಇನ್ನೊಂದಿಲ್ಲ. ತೋಳು ಕೆಳಗಿಳಿದ ಪೆಟ್ಟಿಗೆಯಾಕಾರದ ಸ್ವೆಟರು ಯಾರಿಗೆ ಬೇಕಾದರೂ ಆಗುತ್ತದೆ, ಯಾರಿಗೂ ಸರಿಯಾಗಿ ಕೂರುವುದಿಲ್ಲ. ಅಳತೆ ಗೊತ್ತಿಲ್ಲದವರಿಗೆ ಉಡುಗೊರೆ ಕೊಡಲು ಸರಿ.

ಹೆಣೆದು ಮುಗಿದ ಮೇಲೆ

ಒಗೆದು ಎಳೆದು ಒಣಗಿಸಿದರೆ ಸರಿಯಾಗುತ್ತದೆ ಎನ್ನುವ ಸಲಹೆ ಉಣ್ಣೆಗೆ ಮಾತ್ರ. ನಮ್ಮಲ್ಲಿ ಉಲ್ಲನ್ ಎಂದು ಮಾರುವ ನೂಲಿನಲ್ಲಿ ಬಹುಪಾಲು ಅಕ್ರಿಲಿಕ್. ನಿಜವಾದ ಉಣ್ಣೆಯನ್ನು ನೆನೆಸಿ, ಟವೆಲಿನಲ್ಲಿ ಹಿಂಡಿ, ಪಿನ್ನು ಹಾಕಿ ಒಣಗಿಸಿದರೆ ಒಂದು ಇಂಚಿನಷ್ಟು ಸುತ್ತಳತೆ ಸಿಗುತ್ತದೆ, ಮತ್ತೆ ಒಗೆದಾಗ ಮತ್ತೆ ಮಾಡಬೇಕು. ಅಕ್ರಿಲಿಕ್ ಒಣಗಿದ ಮೇಲೆ ಮೊದಲಿನ ಅಳತೆಗೇ ಮರಳುತ್ತದೆ. ಅದರ ಮೇಲೆ ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದರೆ ಹಿಗ್ಗುವುದೇನೋ ನಿಜ, ಆದರೆ ನೂಲಿನ ಪುಟಿತ ಸತ್ತು ಹೋಗುತ್ತದೆ, ರಿಬ್ ಮತ್ತೆಂದೂ ಕುಗ್ಗುವುದಿಲ್ಲ. ಅಂಥ ನೂಲಿಗೆ ಅಳತೆ ಕಡ್ಡಿಯಲ್ಲೇ ಸರಿಯಾಗಬೇಕು.

ಉದ್ದ ಸಾಲದಿದ್ದರೆ ಬಿಚ್ಚಬೇಕಿಲ್ಲ. ಅಂಚಿನ ಮೇಲಿನ ಸಾದಾ ಸಾಲೊಂದರ ಕುಣಿಕೆಗಳನ್ನು ತೆಳು ಕಡ್ಡಿಗೆ ಏರಿಸಿ, ಅದರ ಕೆಳಗಿನ ಸಾಲಿನಲ್ಲಿ ಒಂದು ಕುಣಿಕೆಯನ್ನು ಕತ್ತರಿಸಿ, ಆ ನೂಲನ್ನು ನಿಧಾನವಾಗಿ ಹೊರಗೆಳೆದರೆ ಅಂಚು ಕೈಗೆ ಬರುತ್ತದೆ. ಅಲ್ಲಿಂದ ಕೆಳಕ್ಕೆ ಬೇಕಾದಷ್ಟು ಹೆಣೆಯಬಹುದು. ಕೆಳಗಿನಿಂದ ಹೆಣೆದ ಸ್ವೆಟರಿನಲ್ಲಿ ಹೀಗೆ ದಿಕ್ಕು ಬದಲಾದಾಗ ಕುಣಿಕೆಗಳು ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿಯುತ್ತವೆ, ಸಾದಾ ಹೆಣಿಗೆಯಲ್ಲಿ ಕಾಣುವುದಿಲ್ಲ, ರಿಬ್ಬಿನಲ್ಲಿ ಕಾಣುತ್ತದೆ. ಕತ್ತು ಜೋಲು ಬಿದ್ದಿದ್ದರೆ ಒಳಬದಿಯಿಂದ ಹಿಂಗತ್ತಿಗೂ ಭುಜದ ಹೊಲಿಗೆಗೂ ಕ್ರೋಶಾ ಕಡ್ಡಿಯಲ್ಲಿ ಒಂದು ಸರಪಳಿ ಬಿಗಿಯಾಗಿ ಹಾಕಿ, ಅಷ್ಟರಿಂದಲೇ ಸ್ವೆಟರ್ ಎದ್ದು ನಿಲ್ಲುತ್ತದೆ.

ಅಮ್ಮನ ಮೊದಲ ಸ್ವೆಟರಿನಲ್ಲಿ ತಪ್ಪಿದ್ದದ್ದು ಭುಜ, ಹಾಗಾಗಿ ಇವು ಯಾವುವೂ ಅದಕ್ಕೆ ಆಗಿಬರಲಿಲ್ಲ. ಪೂರ್ತಿ ಬಿಚ್ಚಿ, ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒಣಗಿಸಿ ಸುರುಳಿ ಬಿಡಿಸಿದೆ. ಹಳೆಯ ಗೇಜ್ ಚೌಕ ನಂಬದೆ ಹೊಸದೊಂದು ಹೆಣೆದೆ. 38ರ ಬೆನ್ನು, ಹೆಗಲ ಮಟ್ಟದಲ್ಲಿ ಹತ್ತು ಅರ್ಧ ಸಾಲು, ಮುಂದೆ ಹನ್ನೊಂದು ಹನ್ನೊಂದು ಕುಣಿಕೆ, ಕೆಳಗೆ ರಿಬ್ ಇಲ್ಲದ ಅಂಚು. ಈ ಸಲ ಒಂದು ಉಂಡೆ ಮಿಕ್ಕಿತು. ಅಮ್ಮ ಅದನ್ನು ತಮ್ಮ ಹೊಲಿಗೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ, ಮುಂದೆ ಮೊಣಕೈ ಸವೆದಾಗ ಬೇಕಾಗುತ್ತದೆ ಎಂದು.